ಟಿಲ್ಲರ್ ಮಿತಾಕ್ಷರಾ: ಮುದಿ ಟಿಲ್ಲರುಗಳ ಜೀರ್ಣೋದ್ಧಾರ ಮತ್ತು ದಾಯವಿಭಾಗವನ್ನು ಕುರಿತ ಟೀಕೆ

ಉಪೋದ್ಘಾತ

ಕಲಬುರಗಿ ಸೀಮೆ ಶಾಸ್ತ್ರಗ್ರಂಥಗಳ ತವರು. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥವಾದ ಕವಿರಾಜಮಾರ್ಗ ಸುಮಾರು ಕ್ರಿ.ಶ. 850ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಮನೆತನದ ಆಸ್ತಿಯನ್ನು ಹೇಗೆ ಪಾಲು ಮಾಡಬೇಕೆಂದು ದೇಶದ ಬಹುಭಾಗಕ್ಕೆ ಹೇಳಿಕೊಟ್ಟ ಮಿತಾಕ್ಷರಾ ಟೀಕೆಯ ಕರ್ತೃ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಜಿಲ್ಲೆಯ ಮರತೂರು ಆತನ ಊರೆಂಬುದು ಇಲ್ಲಿಯವರ ಹೆಮ್ಮೆ. ಕಾವ್ಯ ಹೇಗಿರಬೇಕು, ಆಸ್ತಿ ಯಾರಿಗೆ ಸೇರಬೇಕು ಎಂಬ ಎರಡು ದೊಡ್ಡ ಪ್ರಶ್ನೆಗಳು ಹೀಗೆ ಇತ್ಯರ್ಥವಾದವು. ಮೂರನೆಯದು ಹಾಗೇ ಉಳಿಯಿತು: ಬೇವಿನ ಮರದಡಿ ನಿಂತ ಹಳೆಯ ಪವರ್ ಟಿಲ್ಲರ್ ಚಾಲೂ ಆಗುವುದು ಹೇಗೆ? ಒಂಬತ್ತು ಶತಮಾನ ಕಳೆದರೂ ಪಂಡಿತರಾರೂ ಇದನ್ನು ಕೈಗೆತ್ತಿಕೊಂಡಿಲ್ಲ. ಮೊದಲ ಎಂಟು ಶತಮಾನ ಟಿಲ್ಲರೇ ಇರಲಿಲ್ಲವೆಂಬುದು ಅವರಿಗೆ ಸಲ್ಲುವ ವಿನಾಯಿತಿ. ಒಂಬತ್ತನೆಯದಕ್ಕೆ ಯಾವ ನೆಪವೂ ಇಲ್ಲ.

ಶಾಸ್ತ್ರ ಬರೆಯುವವರು ಮೊದಲಿಗೆ ನಾಲ್ಕನ್ನು ಸ್ಪಷ್ಟಪಡಿಸಬೇಕೆಂದು ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯವೆಂದರೆ ಇಪ್ಪತ್ತೈದು ದಾಟಿದ, ಎರಡು ಗಾಲಿಯ, ಹಿಂದೆ ನಡೆಯುತ್ತ ಹಿಡಿಕೆ ಹಿಡಿಯಬೇಕಾದ ಡೀಸೆಲ್ ಯಂತ್ರ. ಪ್ರಯೋಜನ, ಕಮಲಾಪುರದ ಬಾಳೆ ತೋಟದ ಸಾಲು ಹಸನಾಗುವುದು. ಸಂಬಂಧ, ಯಂತ್ರಕ್ಕೂ ಒಡೆಯನಿಗೂ ಇರುವಂಥದು, ಬಹುಮಟ್ಟಿಗೆ ವೈರ. ಇನ್ನು ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಹ್ಯಾಂಡಲ್ ತಿರುವಿ ಒಮ್ಮೆಯಾದರೂ ಮುಂಗೈ ಉಳುಕಿಸಿಕೊಂಡವರು. ಉಳಿದವರು ಪ್ರಬಂಧ ಓದಬಹುದು, ಯಂತ್ರ ಮುಟ್ಟಕೂಡದು.

ಉತ್ಪತ್ತಿ ಪ್ರಕರಣ

ಸೂತ್ರ 1: ಎಲ್ಲ ಯಂತ್ರದ ಮೂಲವೂ ನಮ್ಮದೇ, ಬಿಲ್ಲು ಮಾತ್ರ ಪರದೇಶದ್ದು.

ವೃತ್ತಿ: ತಿರುಗುವ ಅಲಗುಗಳಿಂದ ಮಣ್ಣು ಸಡಿಲಿಸುವ ಯಂತ್ರವನ್ನು ಕಳೆದ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್ ರೂಪಿಸಿದನೆಂದು ಒಂದು ಪಕ್ಷ. 1912ರಲ್ಲಿ ಆಸ್ಟ್ರೇಲಿಯಾದ ಗಿಲ್‌ಗಾಂಡ್ರಾದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ಯುವಕ ಅಪ್ಪನ ಹೊಲದಲ್ಲಿ ಇದೇ ಪ್ರಯೋಗ ಮಾಡಿದನೆಂದು ಇನ್ನೊಂದು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಗ್ರೇವ್ಲಿ ಎಂಬಾತ ತನ್ನ ಕೈತೋಟಕ್ಕೆಂದು ಮೋಟರ್ ನೇಗಿಲು ಕಟ್ಟಿ 1916ರಲ್ಲಿ ಪೇಟೆಂಟ್ ಪಡೆದನೆಂದು ಮೂರನೆಯದು. ಮೂರನೆಯ ಪಕ್ಷವೇ ನಮಗೆ ಗ್ರಾಹ್ಯ. ಕಾರಣವಿಷ್ಟೆ: ಗ್ರೇವ್ಲಿ ಆ ನೇಗಿಲಿಗೆ ಬಳಸಿದ್ದು ‘ಇಂಡಿಯನ್’ ಮೋಟರ್‌ಸೈಕಲ್ಲಿನ ಬಿಡಿಭಾಗಗಳನ್ನು. ಟಿಲ್ಲರ್ ಭಾರತದ್ದೆಂಬುದು ಇದರಿಂದ ನಿಸ್ಸಂಶಯವಾಗಿ ಸಿದ್ಧವಾಯಿತು. ಆ ಹೆಸರು ಮ್ಯಾಸಚೂಸೆಟ್ಸಿನ ಒಂದು ಕಂಪನಿಯದೆಂದು ಪೂರ್ವಪಕ್ಷದವರು ಗೊಣಗಿಯಾರು. ಸಿದ್ಧಾಂತ ಸ್ಥಾಪನೆಯಾದ ಮೇಲೆ ಪುರಾವೆ ತರುವುದು ಅಧಿಕಪ್ರಸಂಗ.

ಇಷ್ಟಾಗಿಯೂ ಟಿಲ್ಲರು ನಮ್ಮಲ್ಲಿಗೆ ಬಂದದ್ದು ಜಪಾನಿನ ಭತ್ತದ ಗದ್ದೆಗಳ ದಾರಿಯಾಗಿ. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಮಿತ್ಸುಬಿಷಿಯವರ ಜೊತೆಗೂಡಿ ಟಿಲ್ಲರ್ ತಯಾರಿಕೆಗೆ ಇಳಿಯಿತು. ‘ಮಿತ್ಸುಬಿಷಿ ಶಕ್ತಿ’ ಎಂಬ ಫಲಕ ಹೊತ್ತ ಹಳೆಯ ಯಂತ್ರಗಳು ಆ ಪರಂಪರೆಯವು. 1973ರಲ್ಲಿ ಕೇರಳ ಸರ್ಕಾರದ ಕಾಮ್ಕೊ ಸಂಸ್ಥೆ ಎರ್ನಾಕುಲಂ ಜಿಲ್ಲೆಯ ಅತ್ತಾಣಿಯಲ್ಲಿ ಶುರುವಾಗಿ ಕುಬೋಟಾ ಮಾದರಿಯ ಟಿಲ್ಲರುಗಳನ್ನು ಕೊಟ್ಟಿತು. ಲಿಪಿಕಾರರ ಪ್ರಮಾದದಿಂದ ಅತ್ತಾಣಿಯನ್ನು ಬೆಳಗಾವಿ ಜಿಲ್ಲೆಯ ಅಥಣಿ ಎಂದು ಓದಿ, ಗ್ಯಾಸ್ಕೆಟ್ ಹುಡುಕಿಕೊಂಡು ಬಸ್ಸು ಹತ್ತಿದ ಪಾಠಾಂತರ ಪರಂಪರೆಯೊಂದು ಇದ್ದೀತೆಂದು ನಮ್ಮ ಊಹೆ. ಅವರು ಬರಿಗೈಲಿ ಮರಳಿರಲಾರರು. ಅಥಣಿಯಲ್ಲಿ ಗ್ಯಾಸ್ಕೆಟ್ ಸಿಗದಿದ್ದರೂ ಚರ್ಮದ ಒಳ್ಳೆಯ ಚಪ್ಪಲಿ ಸಿಗುತ್ತದೆ. ಟಿಲ್ಲರ್ ಇಟ್ಟವರಿಗೆ ಗ್ಯಾಸ್ಕೆಟ್ಟಿಗಿಂತ ಅದೇ ಹೆಚ್ಚು ಅಗತ್ಯವೆಂಬುದು ಮುಂದಿನ ಪ್ರಕರಣದಲ್ಲಿ ತಿಳಿಯುತ್ತದೆ.

ಲಕ್ಷಣ ಪ್ರಕರಣ

ಸೂತ್ರ 2: ಎತ್ತೂ ಅಲ್ಲ, ಟ್ರ್ಯಾಕ್ಟರೂ ಅಲ್ಲ, ಖರ್ಚು ಮಾತ್ರ ಎರಡರದೂ.

ವೃತ್ತಿ: ಕಲಬುರಗಿ ಎಂದರೆ ತೊಗರಿ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ತೊಗರಿ ಬೆಳೆಯುವ ಎರಿ ಭೂಮಿ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದ ಮರುದಿನ ಚಪ್ಪಲಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ನೆಲದಲ್ಲಿ ರಂಟಿ, ಕುಂಟಿ, ಕೂರಿಗಿಗಳಿಗೆ ದೇವಣಿ ಎತ್ತಿದ್ದವು, ಈಗ ಟ್ರ್ಯಾಕ್ಟರ್ ಇದೆ. ಹಸಿ ಎರಿಯೊಳಗೆ ಟಿಲ್ಲರ್ ಇಳಿಸಿದರೆ ರೋಟರಿಯ ಅಲಗುಗಳ ಸುತ್ತ ಮಣ್ಣು ಮೆತ್ತಿ, ಅರ್ಧ ಸಾಲು ಮುಗಿಯುವುದರೊಳಗೆ ಅದು ಮಣ್ಣಿನ ಉರುಳೆಯಾಗಿ, ಉಳುವ ಬದಲು ನೆಲ ಒತ್ತುತ್ತ ಹೋಗುತ್ತದೆ. ಹಾಗಾದರೆ ಈ ಯಂತ್ರಕ್ಕೆ ಇಲ್ಲೇನು ಕೆಲಸ?

ಉತ್ತರ ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಬೀದರ ದಾರಿಯಲ್ಲಿದೆ. ಕಮಲಾಪುರ ಮತ್ತು ಸುತ್ತಲಿನ ಕೆಲವೇ ಹಳ್ಳಿಗಳ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಇಟ್ಟಿಗೆಗೆಂಪು ಸಿಪ್ಪೆ, ಕೆನೆಬಣ್ಣದ ತಿರುಳು, ಒಂದೂವರೆ ವರ್ಷದ ತಪಸ್ಸು, ಅದಕ್ಕೆ ತಕ್ಕ ರೇಟು. ಗಿಡ ಎದ್ದ ಮೇಲೆ ಅದರ ಸಾಲಿನೊಳಗೆ ಟ್ರ್ಯಾಕ್ಟರ್ ನುಗ್ಗಿಸಿದರೆ ಕಳೆ ಉಳಿಯುತ್ತದೆ, ಬಾಳೆ ಹೋಗುತ್ತದೆ. ಎತ್ತು ಒಳಗೆ ಹೋದರೆ ಕೆಲಸಕ್ಕೆ ಮುಂಚೆ ಎಲೆಯ ರುಚಿ ನೋಡುತ್ತದೆ. ಎಲೆ ತಿನ್ನದ, ಸಾಲಿನಲ್ಲಿ ಹಿಡಿಸುವ, ಹಿಂದಿದ್ದವರು ಎತ್ತ ತಿರುಗಿಸಿದರೆ ಅತ್ತ ಹೋಗುವ (ಈ ಕೊನೆಯ ಲಕ್ಷಣಕ್ಕೆ ಅಪವಾದವಿದೆ, ಸೂತ್ರ 6 ನೋಡುವುದು) ಪ್ರಾಣಿ ಟಿಲ್ಲರ್ ಒಂದೇ.

ಆದರೆ ಇದು ತಾನು ನಡೆದಷ್ಟೂ ಒಡೆಯನನ್ನು ನಡೆಸುತ್ತದೆ. 13 ಅಶ್ವಶಕ್ತಿಯ ಸಾಮಾನ್ಯ ಟಿಲ್ಲರಿನ ರೋಟರಿ ಒಂದು ಸಲಕ್ಕೆ 60 ಸೆಂಟಿಮೀಟರ್ ಅಗಲ ಹಸನು ಮಾಡುತ್ತದೆ. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಭಾಗಿಸಿ ನೋಡಿದರೆ ಎಕರೆಗೆ ಆರೂಮುಕ್ಕಾಲು ಕಿಲೋಮೀಟರ್ ನಡಿಗೆ. ತಿರುವುಗಳ ಲೆಕ್ಕ ಬೇರೆ. ಐದು ಎಕರೆ ಮುಗಿಸಿದವರು ಕಲಬುರಗಿಯಿಂದ ಕಮಲಾಪುರ ಮುಟ್ಟಿದಷ್ಟು ನಡೆದಿರುತ್ತಾರೆ, ಬಂದಲ್ಲೇ ಇರುತ್ತಾರೆ. ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದಾಗಲೂ ಇಷ್ಟು ನಡೆದವರು ಮುಂದಿನ ಊರನ್ನಾದರೂ ಕಂಡಿದ್ದರು. ಅಥಣಿಯ ಚಪ್ಪಲಿಯ ಮಹತ್ವ ಈಗ ಮನವರಿಕೆಯಾಯಿತೆಂದು ಭಾವಿಸುತ್ತೇವೆ.

ಇನ್ನು ಹಬ್ಬದ ತೊಡಕು. ಕಾರಹುಣ್ಣಿಮೆಗೆ ಎತ್ತುಗಳಿಗೆ ಶೃಂಗಾರ, ದಸರೆಗೆ ಆಯುಧಗಳಿಗೆ ಪೂಜೆ. ಟಿಲ್ಲರ್ ಎತ್ತೋ ಆಯುಧವೋ? ಹೊಲ ಹಸನು ಮಾಡುವುದರಿಂದ ಎತ್ತು. ಪಾನಾ ಬೇಡುವುದರಿಂದ ಆಯುಧ. ಸಂದೇಹ ಬಂದಲ್ಲಿ ಎರಡನ್ನೂ ಮಾಡಬೇಕೆಂಬ ನ್ಯಾಯದ ಪ್ರಕಾರ ಅದಕ್ಕೆ ಎರಡೂ ಹಬ್ಬದಲ್ಲಿ ಹಾರ ಬೀಳುತ್ತದೆ, ಕುಂಕುಮ ಬೀಳುತ್ತದೆ, ಗಾಲಿಯಡಿ ನಿಂಬೆಹಣ್ಣು ಬೀಳುತ್ತದೆ. ಎಂಜಿನ್ ಆಯಿಲ್ ಮಾತ್ರ ಎರಡರಲ್ಲೂ ಬದಲಾಗುವುದಿಲ್ಲ.

ಪ್ರಮಾಣ ಪ್ರಕರಣ

ಸೂತ್ರ 3: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬುದು ಟಿಲ್ಲರ್ ಕಾಣದವರ ಮಾತು.

ವೃತ್ತಿ: ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಕಾಣುತ್ತಿದೆ ಎಂಬುದು ನ್ಯಾಯಶಾಸ್ತ್ರದವರು ಎರಡು ಸಾವಿರ ವರ್ಷದಿಂದ ಕೊಡುತ್ತ ಬಂದ ಉದಾಹರಣೆ. ಬೆಟ್ಟಕ್ಕೆ ಅದು ಸರಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಬೇಕು. ರಿಂಗ್ ಸವೆದು, ವಾಲ್ವ್ ಕೂಡದೆ ಒತ್ತಡ ಸೋರಿಹೋದರೆ ಶಾಖ ಸಾಲದು. ಆಗ ನಾಜಲ್ ಉಗುಳಿದ ಡೀಸೆಲ್ ಉರಿಯದೆ ಬಿಳಿ ಮಂಜಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ದಟ್ಟ ಹೊಗೆ, ಒಂದು ಚೂರು ಬೆಂಕಿ ಇಲ್ಲ. ಅಂದರೆ ಇಲ್ಲಿ ಹೊಗೆಯೇ ಬೆಂಕಿ ಇಲ್ಲದ್ದಕ್ಕೆ ಪುರಾವೆ. ನೈಯಾಯಿಕರೊಬ್ಬರೂ ಹ್ಯಾಂಡಲ್ ಹೊಡೆದವರಲ್ಲ ಎಂಬುದು ಇದರಿಂದ ಖಚಿತ.

ಹೊಗೆಯಲ್ಲಿ ಮೂರು ವರ್ಣ. ಬಿಳಿ ಈಗ ಹೇಳಿದ್ದು. ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಒಳಗಿಳಿದರೂ ಬಿಳಿಯೇ. ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗ್ ಹೋಗಿದೆ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಕ್ಲೀನರಿನ ಬಟ್ಟಲಲ್ಲಿ ಇರಬೇಕಾದ ಆಯಿಲ್ ಎರಿ ಮಣ್ಣಿನ ಧೂಳು ಕುಡಿದು ರಾಡಿಯಾಗಿದೆ. ಒಡೆಯ ಹೇಳುವ ಕಾರಣ ಮಾತ್ರ ಮೂರು ವರ್ಣಕ್ಕೂ ಒಂದೇ: “ನಿನ್ನಿ ಮಟ ಛಲೋ ಇತ್ರಿ.” ಈ ವಾಕ್ಯಕ್ಕೆ ಪ್ರಮಾಣದ ಸ್ಥಾನ ಕೊಡಲು ಶಾಸ್ತ್ರ ಒಪ್ಪುವುದಿಲ್ಲ.

ಒಪ್ಪುವ ಆಪ್ತವಾಕ್ಯ ಒಂದೇ, ಅದು ನಾಜಲ್ಲಿನದು. ಹ್ಯಾಂಡಲ್ ನಿಧಾನಕ್ಕೆ ತಿರುವಿದಾಗ ನಾಜಲ್ ‘ಕರ್‌’ ಎಂದರೆ ಡೀಸೆಲ್ ಸಿಂಪಡಿಕೆಯಾಗುತ್ತಿದೆ. ಸುಮ್ಮನಿದ್ದರೆ ಪೈಪಿನಲ್ಲಿ ಗಾಳಿ ಹಿಡಿದಿದೆ. ಟಾಕಿ ಬರಿದಾಗುವ ತನಕ ಓಡಿಸಿದವರಿಗೆಲ್ಲ ಸಿಗುವ ಫಲವಿದು. ಗಾಳಿ ತೆಗೆಯುವ ವಿಧಿಯನ್ನು ಹತ್ತಿರದಿಂದ ನೋಡೋಣ. ಟಾಕಿ ತುಂಬಿಸಿ ಕಾಕ್ ತೆರೆಯಬೇಕು. ಫಿಲ್ಟರಿನ ಮೇಲಿನ ಬೋಲ್ಟನ್ನು ಒಂದೂವರೆ ಸುತ್ತು ಸಡಿಲಿಸಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೇ ಡೀಸೆಲ್ ಎಳೆಯಾಗಿ ಇಳಿಯುತ್ತದೆ; ಆಗ ಬಿಗಿಯಬೇಕು. ಅನಂತರ ಪಂಪಿನ ಬೋಲ್ಟು, ಅಲ್ಲೂ ಹೀಗೆಯೇ. ಕೊನೆಗೆ ನಾಜಲ್ ಪೈಪಿನ ನಟ್ಟು ಸಡಿಲಿಸಿ ಹ್ಯಾಂಡಲ್ ತಿರುವುತ್ತ, ಅದರ ಬಾಯಲ್ಲಿ ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯಬೇಕು. ಟಾಕಿಯಿಂದ ನಾಜಲ್‌ವರೆಗೆ ಈ ಕ್ರಮ ತಪ್ಪಕೂಡದು. ಕ್ರಮ ತಪ್ಪಿಸಿ ಮೊದಲೇ ನಾಜಲಿಗೆ ಕೈ ಹಾಕಿದವರು ಸಂಜೆಯವರೆಗೆ ಹ್ಯಾಂಡಲ್ ಹೊಡೆದು, ಕತ್ತಲಾದ ಮೇಲೆ ಟಿಲ್ಲರಿಗೆ ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ಸುಡುತ್ತಾರೆ. ಆ ಹೊಗೆಗೆ ಮಾತ್ರ ಬೆಂಕಿ ಇರುತ್ತದೆ.

ಮಾರ್ಗ ಪ್ರಕರಣ

ಸೂತ್ರ 4: ದಕ್ಷಿಣಮಾರ್ಗ ಬಿಚ್ಚುತ್ತದೆ, ಉತ್ತರಮಾರ್ಗ ಬಡಿಯುತ್ತದೆ.

ವೃತ್ತಿ: ಕವಿರಾಜಮಾರ್ಗಕಾರ ಕಾವ್ಯದಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಮಾರ್ಗಗಳನ್ನು ಗುರುತಿಸಿದ. ರಿಪೇರಿಯಲ್ಲೂ ಮಾರ್ಗ ಎರಡೇ. ದಕ್ಷಿಣಮಾರ್ಗ ಕಲಬುರಗಿಯ ವರ್ಕ್‌ಶಾಪುಗಳದು. ಹುಮನಾಬಾದ್ ರಸ್ತೆಯ ಕಪನೂರ ಕಡೆ ಲೇತ್ ಇದೆ, ವೆಲ್ಡಿಂಗ್ ಇದೆ, ಉಸ್ತಾದ್ ಇದ್ದಾರೆ, ಉಸ್ತಾದರ ಕೈಕೆಳಗೆ ಪಾನಾ ನಂಬರ್ ಕೂಗುವ ಮೊದಲೇ ಕೈಗಿಡುವ ಹುಡುಗನಿದ್ದಾನೆ. ಬಂದ ಯಂತ್ರವನ್ನು ಮೊದಲು ಪೂರ್ತಿ ಬಿಚ್ಚಿ ಗೋಣಿತಾಟಿನ ಮೇಲೆ ಹರವುವುದು, ಬಳಿಕ ರೋಗ ಕೇಳುವುದು ಈ ಮಾರ್ಗದ ಲಕ್ಷಣ. ಉತ್ತರಮಾರ್ಗ ಕಮಲಾಪುರದ ಹೊಲಗಳದು. ಲೇತೂ ಇಲ್ಲ, ಉಸ್ತಾದರೂ ಇಲ್ಲ; ಒಂದು ಹತ್ತಿಕೋಲಿನಷ್ಟು ಅನುಭವ, ಒಂದು ಹಥೋಡಿ. ಬಿಚ್ಚಿದರೆ ಕೂಡಿಸುವವರಾರು ಎಂಬ ಭಯದಿಂದ ಅವರು ಹೊರಗಿಂದಲೇ ಬಡಿದು ಪರೀಕ್ಷಿಸುತ್ತಾರೆ. ಎರಡೂ ಮಾರ್ಗದಲ್ಲಿ ಟಿಲ್ಲರು ಚಾಲೂ ಆಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ದಕ್ಷಿಣಮಾರ್ಗದಲ್ಲಿ ಚಹಾದ ಬಿಲ್ಲು ಜಾಸ್ತಿ, ಜೊತೆಗೆ ಸುಸಲಾ ಮಿರ್ಚಿ.

ಮಾರ್ಗಗಳ ಸಂವಾದ ಸಾಮಾನ್ಯವಾಗಿ ಹೀಗಿರುತ್ತದೆ.

“ಉಸ್ತಾದ್, ದಮ್ಮೇ ಇಲ್ರಿ ಇದಕ್ಕ.”

“ಇದ್ದೀತು ಹ್ಯಾಂಗ್ರಿ ಸಾವಕಾರ್ರ? ವಾಲ್ವ್ ಗ್ಯಾಪ್ ಯಾವಾಗ ನೋಡಿರಿ?”

“ಅದೇನು ನೋಡ್ಬೇಕ್ರಿ, ಒಳಗ ಇರ್ತದಲ್ಲ.”

ಈ ಒಳಗಿನ ಗ್ಯಾಪಿಗಾಗಿ ಮಹಾಶಾಸ್ತ್ರವೊಂದಿದೆ. ಇಂಥ ಎಂಜಿನ್ನುಗಳಲ್ಲಿ ರಾಕರಿಗೂ ವಾಲ್ವಿನ ತುದಿಗೂ ನಡುವೆ ಮಿಲಿಮೀಟರಿನ ಕಾಲುಭಾಗದ ಆಸುಪಾಸು ಜಾಗ ಬೇಕು, ಅದೂ ಎಂಜಿನ್ ತಣ್ಣಗಿರುವಾಗ ಅಳೆದದ್ದು. ಅಳೆಯಲು ಫೀಲರ್ ಗೇಜ್ ಎಂಬ ಉಪಕರಣವಿದೆ. ಎಲ್ಲರ ಬಳಿಯೂ ಒಂದೊಂದಿದ್ದು, ಬೇಕಾದಾಗ ಒಬ್ಬರಿಗೂ ಸಿಗುವುದಿಲ್ಲ. ಗಡ್ಡ ಕೆರೆಯುವ ಬ್ಲೇಡಿನ ದಪ್ಪ 0.1 ಮಿಲಿಮೀಟರ್. ಎರಡು ಬ್ಲೇಡ್ ಜೋಡಿಸಿ ತೂರಿಸಿದಾಗ ಎಳೆದುಬಿಟ್ಟರೆ ಬರುವಷ್ಟು ಬಿಗಿ ಇದ್ದರೆ 0.2 ಆಯಿತು, ಹೊಲದ ಮಟ್ಟಿಗೆ ಸಾಕು. ಹೀಗೆ ಟಿಲ್ಲರ್ ಸುಸ್ಥಿತಿಯಲ್ಲಿರುವ ಮನೆಯ ಗಂಡಸರ ಗಡ್ಡ ಬೆಳೆದಿರುವುದಕ್ಕೂ, ಗಡ್ಡ ನುಣ್ಣಗಿರುವವರ ಟಿಲ್ಲರ್ ಕೆಟ್ಟಿರುವುದಕ್ಕೂ ಕಾರ್ಯಕಾರಣ ಸಂಬಂಧ ಏರ್ಪಡುತ್ತದೆ.

ರಿಪೇರಿಯ ದೋಷಗಳನ್ನು ಅಲಂಕಾರಶಾಸ್ತ್ರದಿಂದಲೇ ತೆಗೆದುಕೊಳ್ಳಬಹುದು. ಎಲ್ಲ ಕೂಡಿಸಿದ ಮೇಲೆ ತಾಟಿನಲ್ಲಿ ಒಂದು ಬೋಲ್ಟ್ ಉಳಿದರೆ ಅಧಿಕಪದ ದೋಷ. ಎರಡು ದಿನದಲ್ಲಿ ಬಾಳೆ ಸಾಲಿನಲ್ಲಿ ಏನೋ ಕಳಚಿ ಬಿದ್ದರೆ ನ್ಯೂನಪದ ದೋಷ; ಇವೆರಡೂ ಒಂದೇ ಬೋಲ್ಟಿನ ಎರಡು ಅವಸ್ಥೆ. ಓಡುತ್ತ ಓಡುತ್ತ ಮಧ್ಯೆ ಒಂದು ಹೊಡೆತ ತಪ್ಪುವುದು ಯತಿಭಂಗ. ಅದೇ ರೋಗಕ್ಕೆ ಮುಂದಿನ ವಾರ ಮತ್ತೆ ಬರುವುದು ಪುನರುಕ್ತಿ. ರೋಟರಿಯ ಅಲಗುಗಳಲ್ಲಿ ಎಡ ಬಲವೆಂದು ಎರಡು ಬಗೆ. ಎಡದ್ದನ್ನು ಬಲಕ್ಕೆ ಕೂಡಿಸಿದರೆ ಬಾಗಿದ ಬೆನ್ನು ಮಣ್ಣಿಗೆ ತಾಗಿ, ಕತ್ತರಿಸುವ ಬಾಯಿ ಆಕಾಶ ನೋಡುತ್ತದೆ. ಇದು ವಿರೋಧಾಭಾಸ, ಕಾವ್ಯದಲ್ಲಿ ಅಲಂಕಾರ, ತೋಟದಲ್ಲಿ ನಷ್ಟ.

ಕರ್ಮ ಪ್ರಕರಣ

ಸೂತ್ರ 5: ನಿತ್ಯಕರ್ಮ ಬಿಟ್ಟವರಿಗೆ ಪ್ರಾಯಶ್ಚಿತ್ತ ಲೇತಿನಲ್ಲಿ.

ವೃತ್ತಿ: ನಿತ್ಯಕರ್ಮ ಮೂರು. ಕಡ್ಡಿ ಎಳೆದು ಆಯಿಲ್ ಮಟ್ಟ ನೋಡುವುದು, ನೀರಿನ ಟಾಕಿ ತುಂಬಿಸುವುದು, ಏರ್ ಕ್ಲೀನರ್ ತೆರೆಯುವುದು. ನೀರು ಕುದಿದು ಆವಿಯಾಗಿಯೇ ಈ ಹಳೆಯ ಎಂಜಿನ್ ತಣ್ಣಗಿರಬೇಕು. 44 ಡಿಗ್ರಿ ಬಿಸಿಲಿನಲ್ಲಿ ಅದು ಕುದಿಯಲು ಎಂಜಿನ್ನಿನ ಸಹಾಯವನ್ನು ಹೆಚ್ಚು ಕಾಯುವುದಿಲ್ಲ. ಬೋರಿನ ಗಡಸು ನೀರೇ ಹಾಕುತ್ತ ಹೋದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಆಮೇಲೆ ನೀರಿದ್ದರೂ ಎಂಜಿನ್ ಕಾಯುತ್ತದೆ.

ನೈಮಿತ್ತಿಕ ಕರ್ಮ ಹಂಗಾಮಿನ ಕೊನೆಗೆ. ಮಣ್ಣು ತೊಳೆಯಬೇಕು, ನೀರು ಬಸಿಯಬೇಕು, ಬೆಲ್ಟ್ ಸಡಿಲಿಸಬೇಕು. ಹ್ಯಾಂಡಲನ್ನು ನಿಧಾನಕ್ಕೆ ತಿರುವಿ, ಗಟ್ಟಿಯಾಗಿ ತಡೆಯುವ ಜಾಗಕ್ಕೆ ತಂದು ನಿಲ್ಲಿಸಬೇಕು. ಆಗ ಎರಡೂ ವಾಲ್ವ್ ಮುಚ್ಚಿದ್ದು, ಮಳೆಗಾಲದ ತೇವ ಸಿಲಿಂಡರಿಗೆ ಇಳಿಯುವುದಿಲ್ಲ. ಇಷ್ಟು ಮಾಡಲು ಒಂದು ಮಧ್ಯಾಹ್ನ ಸಾಕು. ಆ ಮಧ್ಯಾಹ್ನ ನಾಳೆ ಬರುತ್ತದೆ.

ಕಾಮ್ಯಕರ್ಮವೆಂದರೆ ಬಣ್ಣ ಬಳಿಯುವುದು. ಪರದೇಶಗಳಲ್ಲಿ ಹಳೆಯ ಗ್ರೇವ್ಲಿ ಯಂತ್ರಗಳನ್ನು ಹುಡುಕಿ ತಂದು, ಮೂಲದ ಬಣ್ಣವನ್ನೇ ಹೊಂದಿಸಿ ಹಚ್ಚಿ, ರಜಾದಿನ ಮೆರವಣಿಗೆ ಮಾಡುವವರಿದ್ದಾರೆ. ಅವರ ಹಳೆಯ ಯಂತ್ರಕ್ಕೆ ಭಾನುವಾರದ ಕೆಲಸ, ನಮ್ಮದಕ್ಕೆ ಸೋಮವಾರದ್ದು. ನಮ್ಮ ಕಡೆ ಬಣ್ಣ ಹಚ್ಚುವುದು ಮಾರುವ ಹಿಂದಿನ ದಿನ ಮಾತ್ರ. ಹೊಸ ಬಣ್ಣದ ಹಳೆಯ ಟಿಲ್ಲರ್ ಕಂಡಾಗ ಜಾಣರು ಎರಡು ಹೆಜ್ಜೆ ಹಿಂದೆ ಸರಿದು, ಅದನ್ನು ಚಾಲೂ ಮಾಡಿಸಿ, ಹೊಗೆಯ ವರ್ಣ ಕೇಳಬೇಕು.

ನಿಷಿದ್ಧ ಕರ್ಮ: ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳಿಗೆ ಎದುರಾಗಿ ಮಡಚುವುದು. ನಾಲ್ಕು ಬೆರಳ ಪಕ್ಕಕ್ಕೇ ಹೆಬ್ಬೆರಳೂ ಇರಬೇಕು. ಎಂಜಿನ್ ತಿರುಗಿ ಒದ್ದರೆ ಕೈ ಜಾರುತ್ತದೆ, ಬೆರಳು ಉಳಿಯುತ್ತದೆ. ಈ ಪ್ರಬಂಧದಲ್ಲಿ ಹಾಸ್ಯವಿಲ್ಲದ ವಾಕ್ಯ ಇದೊಂದೇ.

ವಿಪರ್ಯಯ ಪ್ರಕರಣ

ಸೂತ್ರ 6: ಏರಿನಲ್ಲಿ ಎಡ ಎಡವೇ, ಇಳಿಜಾರಿನಲ್ಲಿ ಎಡವೇ ಬಲ.

ವೃತ್ತಿ: ಟಿಲ್ಲರಿಗೆ ಸ್ಟೇರಿಂಗ್ ಇಲ್ಲ. ಎರಡೂ ಹಿಡಿಕೆಯ ಕೆಳಗೆ ಒಂದೊಂದು ಲಿವರ್. ಎಡದ್ದನ್ನು ಒತ್ತಿದರೆ ಎಡಗಾಲಿಗೆ ಎಂಜಿನ್ನಿನ ಶಕ್ತಿ ತಪ್ಪುತ್ತದೆ. ಬಲಗಾಲಿ ತಳ್ಳುತ್ತ ಹೋಗುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಇದು ಸಮನೆಲದ ಧರ್ಮ. ಟ್ರೇಲರ್ ಕಟ್ಟಿ, ಬಾಳೆಗೊನೆ ಹೇರಿ, ಕಮಲಾಪುರದ ಇಳಿಜಾರಿಗೆ ಬಂದಾಗ ಧರ್ಮ ತಿರುಗುಮುರುಗು. ಹಿಂದಿನ ಭಾರ ಯಂತ್ರವನ್ನು ನೂಕುತ್ತದೆ, ಎಂಜಿನ್ ಗಾಲಿಗಳನ್ನು ತಡೆಹಿಡಿಯುತ್ತದೆ. ಆಗ ಎಡದ ಲಿವರ್ ಒತ್ತಿದರೆ ಎಡಗಾಲಿಯ ಮೇಲಿನ ತಡೆ ತಪ್ಪಿ ಅದು ಮುಂದಕ್ಕೆ ಓಡುತ್ತದೆ, ಬಲಗಾಲಿ ಹಿಂದುಳಿಯುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಮನೆ ಇದ್ದವರು ಬಲಕ್ಕೆ ಹಳ್ಳಕ್ಕೆ ಹೋಗುತ್ತಾರೆ.

ಅನುಭವಿಗಳು ಇಳಿಜಾರಿನಲ್ಲಿ ಲಿವರಿನ ಸಹವಾಸ ಬಿಟ್ಟು, ಗೇರ್ ಕಡಿಮೆ ಮಾಡಿ, ಹಿಡಿಕೆಯನ್ನು ತೋಳಬಲದಿಂದಲೇ ತಿರುವುತ್ತಾರೆ. ಹೊಸಬರಿಗೆ ಇದನ್ನು ಬಾಯಲ್ಲಿ ಹೇಳಿಕೊಡಲು ಹೋದವರ ಪಾಡು ಹೀಗೆ:

“ಏ, ಎಡಕ್ಕ ಹೊಡಿ, ಎಡಕ್ಕ!”

“ಎಡದ್ದೇ ಒತ್ತೀನಿ ಕಾಕಾ!”

“ಅದಕ್ಕs ಬಲಕ್ಕ ಹೊಂಟದ, ಬಲದ್ದು ಒತ್ತು!”

“ಬಲಕ್ಕ ಹಳ್ಳ ಅದ ಕಾಕಾ!”

ಈ ಸಂವಾದ ಮುಗಿಯುವ ಮೊದಲೇ ಪ್ರಯೋಗ ಮುಗಿದಿರುತ್ತದೆ. ಇಲ್ಲಿ ಕಾಕಾನೂ ಸರಿ, ಹುಡುಗನೂ ಸರಿ, ಯಂತ್ರವೂ ಸರಿ. ಎಲ್ಲರೂ ಸರಿ ಇದ್ದೂ ಬಾಳೆಗೊನೆ ನೀರಿಗೆ ಬಿದ್ದದ್ದಕ್ಕೆ ವೇದಾಂತಿಗಳು ಸಮಾಧಾನ ಹೇಳಬೇಕು.

ದಾಯವಿಭಾಗ ಪ್ರಕರಣ

ಸೂತ್ರ 7: ಬ್ಯಾಟರಿ ಹಿಡಿದವರಿಗೇ ಟಿಲ್ಲರ್ ದಾಯ.

ವೃತ್ತಿ: ಇದೇ ಈ ಶಾಸ್ತ್ರದ ತಿರುಳು. ಅಪ್ಪನ ಆಸ್ತಿಯಲ್ಲಿ ಮಗನ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಮಿತಾಕ್ಷರಾದ ಮತ. ಅಪ್ಪ ಸತ್ತ ಮೇಲೆಯೇ ಬರುತ್ತದೆಂದು ಬಂಗಾಳದ ಜೀಮೂತವಾಹನನ ದಾಯಭಾಗದ ಮತ. ಹೊಲ ಮನೆಗಳಿಗೆ ಈ ಎರಡರಲ್ಲಿ ಒಂದನ್ನು ಹಚ್ಚಬಹುದು. ಟಿಲ್ಲರಿಗೆ ಹಚ್ಚಿ ನೋಡೋಣ.

ಶಾಸ್ತ್ರಗ್ರಂಥಗಳಿಗೆ ಉದಾಹರಣೆಯಾಗಿ ಒದಗುವ ಖಾಯಂ ಪಾತ್ರಗಳು ದೇವದತ್ತ, ಯಜ್ಞದತ್ತ, ವಿಷ್ಣುಮಿತ್ರ. ಇವರನ್ನು ಕಮಲಾಪುರದ ಮೂವರು ಅಣ್ಣತಮ್ಮಂದಿರೆಂದು ಕಲ್ಪಿಸೋಣ. ಅಪ್ಪ ತೀರಿಕೊಂಡಿದ್ದಾರೆ, ಬಾಳೆ ತೋಟ ಮೂರು ಪಾಲಾಗಿದೆ, ಉಳಿದದ್ದು ಬೇವಿನ ಮರದಡಿಯ ಟಿಲ್ಲರ್. ವಸ್ತ್ರ, ವಾಹನ, ಆಭರಣ, ಬೇಯಿಸಿದ ಅನ್ನ, ಬಾವಿಯ ನೀರು ಇವನ್ನು ಪಾಲು ಮಾಡಬಾರದೆಂದು ಮನುಸ್ಮೃತಿ ಹೇಳುತ್ತದೆ. ಟಿಲ್ಲರ್ ವಾಹನವಾದರೆ ಪಾಲಿಲ್ಲ. ಆದರೆ ಚಾಲೂ ಆಗದ್ದನ್ನು ವಾಹನವೆನ್ನಬಹುದೇ? ಪಶುವೆಂದು ಹಿಡಿದರೆ ಇನ್ನೊಂದು ವಿಧಿ: ಆಡು ಕುರಿಗಳು ಬೆಸ ಸಂಖ್ಯೆಯಲ್ಲಿ ಮಿಕ್ಕರೆ ಮಿಕ್ಕದ್ದು ಹಿರಿಯನಿಗೆ. ಟಿಲ್ಲರಿನ ಗಾಲಿ ಎರಡು, ಅದು ಸಮ. ಸೀಟಿನ ಕೆಳಗಿನ ಬಾಲಗಾಲಿ ಕೂಡಿಸಿದರೆ ಮೂರು, ಅದು ಬೆಸ. ದೇವದತ್ತ ರಾತ್ರೋರಾತ್ರಿ ಬಾಲಗಾಲಿ ತಂದು ಕೂಡಿಸಿದ. ಬೆಳಗಾಗುವುದರೊಳಗೆ ವಿಷ್ಣುಮಿತ್ರ ಅದನ್ನು ಬಿಚ್ಚಿ ಹುಲ್ಲಿನ ಬಣವೆಯೊಳಗೆ ಇಟ್ಟ.

ಕೊನೆಗೆ ಹಿರಿಯರು ಕೂತು ನ್ಯಾಯ ಹೇಳಿದರು. ದೇವದತ್ತನಿಗೆ ಎಂಜಿನ್: ಅವನು ಅದನ್ನು ಬಾವಿಯ ಪಂಪಿಗೆ ಕಟ್ಟಿದ. ಯಜ್ಞದತ್ತನಿಗೆ ಗೇರ್‌ಬಾಕ್ಸು, ಗಾಲಿ, ಹಿಡಿಕೆ: ಅವನು ಅದರ ಮೇಲೆ ಕಂಬಳಿ ಒಣಹಾಕಿದ. ವಿಷ್ಣುಮಿತ್ರನಿಗೆ ರೋಟರಿ ಮತ್ತು ಟ್ರೇಲರ್: ಟ್ರೇಲರಿನಲ್ಲಿ ಕೋಳಿಗಳು ಸಂಸಾರ ಹೂಡಿದವು. ಪಾಲು ನ್ಯಾಯವಾಗಿತ್ತು, ಸಮವಾಗಿತ್ತು, ಮೂವರ ತೋಟದಲ್ಲೂ ಕಳೆ ಸಮವಾಗಿಯೇ ಬೆಳೆಯಿತು. ಕೋರ್ಟಿಗೆ ಹೋಗುವ ಮಾತೂ ಬಂತು. ಹೈಕೋರ್ಟಿನ ಪೀಠ 2008ರಿಂದ ಕಲಬುರಗಿಯಲ್ಲೇ ಇದೆ, 2013ರಿಂದ ಕಾಯಂ ಆಗಿದೆ. ಬೆಂಗಳೂರಿಗೆ ಹೋಗುವ ಖರ್ಚಿಲ್ಲದ್ದರಿಂದ ವ್ಯಾಜ್ಯಕ್ಕೆ ಹುರುಪು ಹೆಚ್ಚು.

ಅಷ್ಟರಲ್ಲಿ ಮನೆಮಗಳು ತವರಿಗೆ ಬಂದಳು. ಆಕೆಗೂ ಒಂದು ಸಂಸ್ಕೃತದ ಹೆಸರು ಯೋಚಿಸುವಷ್ಟರಲ್ಲಿ ಆಕೆ ಕೆಲಸ ಮುಗಿಸಿದ್ದರಿಂದ ತಂಗಿ ಎಂದೇ ಕರೆಯಬೇಕಾಗಿದೆ. ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿಯ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆಕೆ ಪಾಲು ಕೇಳುತ್ತಾಳೆಂದು ಮೂವರೂ ಹೆದರಿದರು. ಆಕೆ ಕೇಳಿದ್ದು ಹದಿನಾಲ್ಕು ನಂಬರ್ ಪಾನಾ.

ಮೂರು ಪಾಲನ್ನೂ ಬೇವಿನ ಮರದಡಿ ತರಿಸಿದಳು, ಕೂಡಿಸಿದಳು, ಗಾಳಿ ತೆಗೆದಳು. ದೇವದತ್ತ ಹ್ಯಾಂಡಲಿಗೆ ಕೈ ಹಾಕಿದ.

“ಅಣ್ಣಾ, ಹಂಗಲ್ಲ. ಮೊದ್ಲ ಲಿವರ್ ಎತ್ತಿ ಹಿಡಿ, ದಮ್ ಬಿಡ್ತದ. ಈಗ ತಿರುವು. ಜೋರು. ಇನ್ನಾ ಜೋರು. ಹಾಂ, ಈಗ ಲಿವರ್ ಬಿಡು!”

ಹೊಗೆ ಮೊದಲು ಬಿಳಿ ಬಂತು, ಆಮೇಲೆ ಕಪ್ಪು, ಆಮೇಲೆ ಕಾಣದಷ್ಟು ತೆಳುವಾಯಿತು. ಎಲ್ಲಿ ಕಲಿತಿ ಎಂದು ಅಣ್ಣಂದಿರು ಕೇಳಿದರು. ಅಪ್ಪ ರಾತ್ರಿ ಹೊತ್ತು ರಿಪೇರಿ ಮಾಡುವಾಗ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದವಳು ಆಕೆ. ಗಂಡುಮಕ್ಕಳು ನಿದ್ದೆಗೆಟ್ಟಾರೆಂದು ಅಪ್ಪ ಅವರನ್ನು ಎಬ್ಬಿಸುತ್ತಿರಲಿಲ್ಲ. ಬೆಳಕು ಎತ್ತ ಬೀಳಬೇಕೋ ಅತ್ತ ಹಿಡಿಯಬೇಕಾದರೆ ಅಪ್ಪನ ಕೈ ಮುಂದೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ತಿಳಿದಿರಬೇಕು. ಆ ವಿದ್ಯೆಯೇ ದಾಯ.

ಹಾಗಾಗಿ ಸಿದ್ಧಾಂತ: ಟಿಲ್ಲರಿನ ಒಡೆತನ ಹುಟ್ಟಿನಿಂದಲೂ ಬಾರದು, ಅಪ್ಪನ ಸಾವಿನಿಂದಲೂ ಬಾರದು. ಕೆಟ್ಟದ್ದನ್ನು ಸರಿಪಡಿಸಬಲ್ಲವರಿಗೆ ಅದು ತಾನಾಗಿ ಸೇರುತ್ತದೆ; ಉಳಿದವರ ಕೈಯಲ್ಲಿ ಇರುವುದು ಕಬ್ಬಿಣದ ತೂಕ. ವಿಜ್ಞಾನೇಶ್ವರನಿಗೆ ಈ ಮೂರನೆಯ ಮತ ಹೊಳೆಯದೆ ಹೋದದ್ದು ಆತನ ಕಾಲದಲ್ಲಿ ನಾಜಲ್ ಇಲ್ಲದ್ದರಿಂದಲೇ ಹೊರತು ಬುದ್ಧಿ ಸಾಲದೆ ಅಲ್ಲ. ಅಣ್ಣಂದಿರು ಮರುದಿನವೇ ತಮ್ಮ ತಮ್ಮ ಮಕ್ಕಳ ಕೈಗೆ ಒಂದೊಂದು ಬ್ಯಾಟರಿ ಕೊಟ್ಟರೆಂದು ಕೇಳಿದ್ದೇವೆ. ಈಗ ಜಗಳ ಯಾರ ಬ್ಯಾಟರಿಯ ಬೆಳಕು ಹೆಚ್ಚೆಂಬುದರ ಮೇಲೆ ನಡೆದಿದೆ.

ಫಲಶ್ರುತಿ

ಈ ಟೀಕೆಯನ್ನು ಮುಂಗಾರಿಗೆ ಮುಂಚೆ ಒಮ್ಮೆ ಓದಿದವರ ಬೆಲ್ಟ್ ಹರಿಯುವುದಿಲ್ಲ. ಎರಡು ಸಲ ಓದಿದವರ ನಾಜಲ್ ಕಟ್ಟಿಕೊಳ್ಳುವುದಿಲ್ಲ. ಮೂರು ಸಲ ಓದಿದವರಿಗೆ ನೆರೆಯವರು ಒಯ್ದ ಹದಿನಾಲ್ಕು ನಂಬರ್ ಪಾನಾ ವಾಪಸು ಬರುತ್ತದೆ. ನಿತ್ಯ ಪಠಿಸುವವರಿಗೆ ಉತ್ತರ ದಕ್ಷಿಣ ಎರಡೂ ಮಾರ್ಗದ ಉಸ್ತಾದರು ಒಂದೇ ರೋಗದ ಹೆಸರು ಹೇಳುತ್ತಾರೆ. ಇದನ್ನು ಓದದೆ, ಆ ಹೊತ್ತಿನಲ್ಲಿ ಎಂಜಿನ್ ಆಯಿಲ್ ಬದಲಿಸಿದವರಿಗೆ ಮೇಲೆ ಹೇಳಿದ ಎಲ್ಲ ಫಲವೂ ಸಿಗುತ್ತದೆ, ಪಾನಾ ಒಂದನ್ನು ಬಿಟ್ಟು.